‘ಹೋಗಿ ಬರ್ತೀನಿ’ ಎನ್ನಲಾಗದ ಡೆಸ್ಕ್‌ಟಾಪು

ಕಥೆಗೊಬ್ಬ ನಿರೂಪಕ ಇರುವಂತೆ ಸೆಟ್ಟಿಂಗ್ಸ್ ಪುಟಕ್ಕೂ ಒಬ್ಬ ಇರುತ್ತಾನೆ. ಅವನು ‘ನಾನು’ ಎನ್ನುವುದಿಲ್ಲ, ಯಾರನ್ನೂ ‘ನೀನು’ ಎಂದು ಕರೆಯುವುದಿಲ್ಲ. ಖಾಲಿ ಚೌಕಗಳನ್ನಿಟ್ಟು ಟಿಕ್ ಮಾಡಿ ಎನ್ನುತ್ತಾನೆ, ಅಷ್ಟೇ. ಆದರೆ ಆ ಚೌಕಗಳಲ್ಲಿ ಎಷ್ಟೋ ಜನರ ಒಂದು ದಿನದ ಕೆಲಸ ಹೇಗೆ ಮುಗಿಯಬೇಕೆಂಬ ತೀರ್ಮಾನ ಇರುತ್ತದೆ. ಅಂಥ ಒಂದು ಪುಟವನ್ನು, ವರ್ಚುವಲ್ ಡೆಸ್ಕ್‌ಟಾಪ್ ಪೂಲ್‌ನ ಸೆಟ್ಟಿಂಗ್ಸನ್ನು, ಒಂದು ಪಠ್ಯವಾಗಿ ಓದಿದರೆ ಏನು ಸಿಗುತ್ತದೆ ಎನ್ನುವುದು ನನ್ನ ಕುತೂಹಲ.

ವಿಷಯ ಸರಳ. ನಿಮ್ಮೆದುರಿನ ಲ್ಯಾಪ್‌ಟಾಪಿನಲ್ಲಿ ಕಾಣುವ ವಿಂಡೋಸ್ ನಿಜವಾಗಿ ಓಡುತ್ತಿರುವುದು ದೂರದ ಡೇಟಾ ಸೆಂಟರಿನ ಸರ್ವರಿನಲ್ಲಿ. ನಿಮಗೆ ಬರುವುದು ಅದರ ಚಿತ್ರ ಮಾತ್ರ. ಅಂಥ ನೂರಾರು ಯಂತ್ರಗಳನ್ನು ಒಂದೇ ಅಚ್ಚಿನಿಂದ ತೆಗೆದು ಒಟ್ಟಿಗಿಟ್ಟರೆ ಅದು ಪೂಲ್. ಕಾಲ್ ಸೆಂಟರು, ಬ್ಯಾಂಕು, ಆಸ್ಪತ್ರೆಗಳಲ್ಲಿ ಇದು ಮಾಮೂಲು.

ವಿಎಂವೇರ್ ಹೊರೈಜನ್ ಎಂದು ಹೆಸರಾದ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅಲ್ಲಿ ಬರುವ ಒಂದು ಆಯ್ಕೆ: ‘ಡೆಡಿಕೇಟೆಡ್’ ಅಥವಾ ‘ಫ್ಲೋಟಿಂಗ್’. ಮೊದಲನೆಯದರಲ್ಲಿ ನಿಮಗೆ ಸಿಕ್ಕ ಯಂತ್ರ ನಿಮ್ಮದೇ. ಎರಡನೆಯದರಲ್ಲಿ ಆ ಹೊತ್ತಿಗೆ ಖಾಲಿ ಇದ್ದದ್ದು ನಿಮಗೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇದಕ್ಕೆ ಹತ್ತಿರದ ಹೆಸರುಗಳು ‘ಪರ್ಸನಲ್’ ಮತ್ತು ‘ಪೂಲ್ಡ್’. ಕನ್ನಡದ ಓದುಗರಿಗೆ ಇಲ್ಲಿ ಸ್ಥಾವರ-ಜಂಗಮವನ್ನು ಎಳೆದು ತರುವ ಆಸೆಯಾಗಬಹುದು. ತರಬಾರದು. ಜಂಗಮ ತನ್ನ ಇಚ್ಛೆಯಿಂದ ಚಲಿಸುವವನು. ಫ್ಲೋಟಿಂಗ್ ಬಳಕೆದಾರ ಎಲ್ಲಿಗೂ ಚಲಿಸುವುದಿಲ್ಲ, ಅವನ ಕಾಲ ಕೆಳಗಿನ ನೆಲ ದಿನಾ ಬದಲಾಗುತ್ತದೆ. ಇದಕ್ಕೆ ಹತ್ತಿರದ ಹೋಲಿಕೆ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜು. ರೂಮು ಚೊಕ್ಕಟವಾಗಿರುತ್ತದೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.

ಈ ಪುಟದಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಬೇರೊಂದು ಸಾಲು: ಸಂಪರ್ಕ ಕಡಿದ ಮೇಲೆ ಲಾಗಾಫ್ ಯಾವಾಗ? ಉತ್ತರಗಳು ಮೂರು. ತಕ್ಷಣ, ಎಂದೂ ಇಲ್ಲ, ಅಥವಾ ಇಂತಿಷ್ಟು ನಿಮಿಷಗಳ ನಂತರ. ‘ಡಿಸ್ಕನೆಕ್ಟ್’ ಮತ್ತು ‘ಲಾಗಾಫ್’ ಎರಡೂ ಹೊರಗೆ ಬರುವುದೇ ಎಂದು ನಾವು ಅಂದುಕೊಂಡಿರುತ್ತೇವೆ. ಅಲ್ಲ. ಡಿಸ್ಕನೆಕ್ಟ್ ಆದಾಗ ನಿಮ್ಮ ಕಡತಗಳು ತೆರೆದೇ ಇರುತ್ತವೆ, ಅರ್ಧ ಬರೆದ ವಾಕ್ಯ ಅಲ್ಲೇ ಕಾದಿರುತ್ತದೆ. ಲಾಗಾಫ್ ಎಂದರೆ ಎಲ್ಲ ಮುಚ್ಚಿದ ಹಾಗೆ. ಈ ವ್ಯತ್ಯಾಸ ಕನ್ನಡಕ್ಕೆ ಚೆನ್ನಾಗಿ ಗೊತ್ತು. ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ತಪ್ಪಿ ಹೇಳಿದರೆ ಅಜ್ಜಿಯಂದಿರು ತಿದ್ದುತ್ತಾರೆ. ಡಿಸ್ಕನೆಕ್ಟ್ ಎಂದರೆ ‘ಹೋಗಿ ಬರ್ತೀನಿ’. ಈ ಸೆಟ್ಟಿಂಗ್ ಮಾಡುವುದು ಇಷ್ಟೇ: ಬರ್ತೀನಿ ಎಂದು ಹೋದವನನ್ನು ಎಷ್ಟು ನಿಮಿಷದ ಮೇಲೆ ‘ಹೋದ’ ಎಂದು ಬರೆದುಕೊಳ್ಳಬೇಕು ಎಂಬುದನ್ನು ಇನ್ನೊಬ್ಬ ನಿರ್ಧರಿಸುತ್ತಾನೆ. ಕರೆಂಟು ಹೋಗಿ ಮನೆಯ ವೈಫೈ ಆರಿದರೆ ಅದೂ ಡಿಸ್ಕನೆಕ್ಟೇ. ಅಲ್ಲಿ ‘ತಕ್ಷಣ’ ಎಂದು ಆರಿಸಿದ್ದರೆ, ಉಳಿಸದ ಕೆಲಸಕ್ಕೆ ಎಳ್ಳುನೀರು.

ಲಾಗಾಫ್ ಆದಮೇಲೆ? 2016ರಲ್ಲಿ ಹೊರೈಜನ್ 7ರೊಂದಿಗೆ ಬಂದ ‘ಇನ್‌ಸ್ಟಂಟ್ ಕ್ಲೋನ್’ ಪದ್ಧತಿಯ ಫ್ಲೋಟಿಂಗ್ ಪೂಲಿನಲ್ಲಿ ಬಳಕೆದಾರ ಎದ್ದ ಕೂಡಲೇ ಆ ಯಂತ್ರವನ್ನು ಅಳಿಸಿ ಮತ್ತೊಂದನ್ನು ಸೃಷ್ಟಿಸಲಾಗುತ್ತದೆ. ಅಚ್ಚಿನ ಮೂಲಕ್ಕೆ ‘ಗೋಲ್ಡನ್ ಇಮೇಜ್’ ಎಂದು ಹೆಸರು, ಅದರಿಂದ ಹುಟ್ಟಿದವಕ್ಕೆ ಕ್ಲೋನ್ ಎಂದು. ಹೆಸರಿಡುವುದಕ್ಕೂ ಒಂದು ಸೂತ್ರವಿದೆ: ಒಂದು ಪದ, ಪಕ್ಕದಲ್ಲಿ ಸಂಖ್ಯೆ. ಚಿನ್ನ ಎಂಬ ವಿಶೇಷಣ ಮೂಲಕ್ಕೆ ಮಾತ್ರ.

ಅಳಿಸಿಹೋಗುವುದೇನು ಎಂದು ಕೇಳಿದರೆ ಸಣ್ಣಪುಟ್ಟವು. ಹೊನ್ನಮ್ಮ, ಚನ್ನಬಸಪ್ಪ ಎಂಬ ಹೆಸರುಗಳು ಇಂಗ್ಲಿಷ್ ಕಡತದಲ್ಲಿ ಕೆಂಪು ಗೆರೆ ಎಳೆಸಿಕೊಳ್ಳುತ್ತವೆ. ನಿಘಂಟಿಗೆ ಸೇರಿಸಿದರೆ ಗೆರೆ ಹೋಗುತ್ತದೆ. ಆದರೆ ಬಳಕೆದಾರನ ಪ್ರೊಫೈಲನ್ನು ಬೇರೆಡೆ ಕಾಪಾಡುವ ಏರ್ಪಾಡಿಲ್ಲದ ಪೂಲಿನಲ್ಲಿ ಮರುದಿನ ಬೆಳಿಗ್ಗೆ ಅದೇ ಹೆಸರಿಗೆ ಅದೇ ಕೆಂಪು ಗೆರೆ. ಅಪ್ಪ ಅಮ್ಮ ಇಟ್ಟ ಹೆಸರು ತಪ್ಪಲ್ಲವೆಂದು ದಿನವೂ ಹೊಸದಾಗಿ ಸಾಬೀತು ಮಾಡಬೇಕು. ನುಡಿ ತಂತ್ರಾಂಶವನ್ನು ಇವತ್ತು ಹಾಕಿಕೊಂಡರೂ ಅಷ್ಟೇ. ಅದು ಗೋಲ್ಡನ್ ಇಮೇಜಿನಲ್ಲಿ ಇಲ್ಲದಿದ್ದರೆ ಸಂಜೆಗೆ ಮಾಯ. ಪ್ರೊಫೈಲನ್ನು ಪ್ರತ್ಯೇಕ ಡಿಸ್ಕಿನಲ್ಲಿಟ್ಟು ಲಾಗಿನ್ ಹೊತ್ತಿಗೆ ಜೋಡಿಸುವ ಎಫ್ಎಸ್‌ಲಾಜಿಕ್ಸ್‌ನಂಥ ಉಪಾಯಗಳಿವೆ, ನಿಜ. ಅವು ನಿಘಂಟನ್ನು ಉಳಿಸುತ್ತವೆ, ವಿಂಡೋಸ್‌ಗೆ ಹಾಕಿಕೊಂಡ ತಂತ್ರಾಂಶವನ್ನಲ್ಲ.

ಅಡ್ಮಿನ್‌ಗಳ ಪರವಾಗಿಯೂ ಮಾತಿದೆ, ಅದು ಹಗುರವಾದುದಲ್ಲ. 500 ಯಂತ್ರಗಳಿಗೆ ಬೇರೆಬೇರೆಯಾಗಿ ಪ್ಯಾಚ್ ಹಾಕುವ ಬದಲು ಒಂದು ಅಚ್ಚಿಗೆ ಹಾಕಿದರೆ ಸಾಕು. ಯಂತ್ರದೊಳಗೆ ಸೇರಿಕೊಂಡ ವೈರಸ್ಸು ಯಂತ್ರದ ಜೊತೆಗೇ ಅಳಿಯುತ್ತದೆ. ಡಿಸ್ಕನೆಕ್ಟ್ ಅವಧಿಯನ್ನು ಉದಾರವಾಗಿಟ್ಟ ಆಸ್ಪತ್ರೆಯಲ್ಲಿ ನರ್ಸೊಬ್ಬರು ಒಂದು ವಾರ್ಡಿನಲ್ಲಿ ಬಿಟ್ಟ ಪರದೆಯನ್ನು ಇನ್ನೊಂದು ವಾರ್ಡಿನಲ್ಲಿ ಹಾಗೆಯೇ ತೆರೆಯಬಹುದು. ಮರೆವು ಎಲ್ಲ ಕಡೆಯೂ ಕೇಡಲ್ಲ. ನನ್ನ ತಕರಾರು, ಯಾವುದನ್ನು ಮರೆಯಬೇಕೆಂಬ ಪಟ್ಟಿಯಲ್ಲಿ ಕುಳಿತು ಕೆಲಸ ಮಾಡುವವರ ಕೈ ಒಂದೂ ಇಲ್ಲದಿರುವುದರ ಬಗ್ಗೆ.

ಹೊಸ ಅಚ್ಚನ್ನು ಪೂಲಿಗೆ ತಳ್ಳುವಾಗ ಮತ್ತೊಂದು ಪ್ರಶ್ನೆ ಎದುರಾಗುತ್ತದೆ: ಒಳಗಿರುವವರು ತಾವಾಗಿ ಏಳುವವರೆಗೆ ಕಾಯುವುದೋ, ಬಲವಂತವಾಗಿ ಎಬ್ಬಿಸುವುದೋ? ಎಬ್ಬಿಸುವುದಾದರೆ ಮೊದಲು ಒಂದು ಎಚ್ಚರಿಕೆ ತೋರಿಸಬಹುದು. ಎಷ್ಟು ನಿಮಿಷ ಮುಂಚೆ ಎನ್ನುವುದನ್ನೂ ಅದರ ಮಾತುಗಳನ್ನೂ ಅಡ್ಮಿನ್ ತಾನೇ ಬರೆಯಬಹುದು. ನಾನು ನೋಡಿದ ಪುಟಗಳಲ್ಲೆಲ್ಲ ಈ ನಿರೂಪಕ ಕುಳಿತವರ ಮುಖ ನೋಡಿ ಮಾತಾಡುವುದು ಇಲ್ಲೊಂದೇ ಕಡೆ. ಉಳಿದೆಲ್ಲ ಟಿಕ್ಕು, ಸಂಖ್ಯೆ; ಇಲ್ಲಿ ವಾಕ್ಯ ಬೇಕು. ಹೆಚ್ಚಿನವರು ತಂತ್ರಾಂಶದ ಜೊತೆಗೇ ಬರುವ ಇಂಗ್ಲಿಷ್ ವಾಕ್ಯವನ್ನು ಮುಟ್ಟದೆ ಬಿಡುತ್ತಾರೆಂದು ನನ್ನ ಅನುಮಾನ. ರಾತ್ರಿ ಪಾಳಿಯಲ್ಲಿ ಬೆಂಗಳೂರಿನ ಮಹಡಿಯೊಂದರಲ್ಲಿ ಕನ್ನಡದವರೇ ಹೆಚ್ಚು ಕುಳಿತಿದ್ದರೆ, ಆ ಚೌಕದಲ್ಲಿ ‘ಇನ್ನು ಹತ್ತು ನಿಮಿಷಕ್ಕೆ ಈ ಯಂತ್ರ ಮುಚ್ಚುತ್ತದೆ, ಬರೆದದ್ದನ್ನು ಉಳಿಸಿಕೊಳ್ಳಿ’ ಎಂದು ಬರೆಯಲು ಒಂದು ನಿಮಿಷ ಸಾಕು.