ಭಾಗವತರ ಪದ್ಯಸಂಗ್ರಹಗಳು: ಆಯ್ಕೆಯ ವಿಚಾರ

ಹೊನ್ನಾವರ, ಕುಮಟೆ, ಭಟ್ಕಳಗಳ ಮನೆಗಳಲ್ಲಿ ಯಕ್ಷಗಾನದ ಪದ್ಯವೆಂದರೆ ಈಗ ಬಹುಮಟ್ಟಿಗೆ ಸಂಗ್ರಹದ ಪದ್ಯವೇ ಆಗಿದೆ. ಆಟಕ್ಕೆ ಹೋಗಿ ಬೆಳಗಿನ ಜಾವದವರೆಗೆ ಕುಳಿತು ಕೇಳುವವರು ಇಲ್ಲವೆಂದಲ್ಲ. ಆದರೆ ಮಕ್ಕಳ ಕಿವಿಗೆ ಭಾಗವತಿಕೆಯು ಮೊದಲು ಬೀಳುವುದು ರಂಗಸ್ಥಳದಿಂದಲ್ಲ. ಒಂದು ಗಂಟೆಯ ಧ್ವನಿಸುರುಳಿಯಿಂದ, ಆ ಸುರುಳಿಯು ಮೂಲೆ ಸೇರಿದ ಮೇಲೆ ಅದರಿಂದ ಪ್ರತಿಮಾಡಿ ಮೊಬೈಲಿನಲ್ಲಿ ತುಂಬಿಕೊಂಡ ಪದ್ಯಮಾಲಿಕೆಯಿಂದ. ಹೀಗಿರಲು, ಒಬ್ಬ ಭಾಗವತರ ಹೆಸರಿನಲ್ಲಿ ದೊರೆಯುವ ಹಲವು ಸಂಗ್ರಹಗಳಲ್ಲಿ ಯಾವುದನ್ನು ಮನೆಗೆ ತರತಕ್ಕದ್ದು ಎಂಬ ಪ್ರಶ್ನೆಯು ಅಲ್ಪವಾದುದಲ್ಲ. ಮನೆಗೆ ಬಂದ ಸಂಗ್ರಹದಲ್ಲಿ ಭಾಗವತರು ಹೇಗಿರುವರೋ ಮುಂದಿನ ತಲೆಮಾರಿಗೆ ಅವರು ಹಾಗೆಯೇ ಉಳಿಯುವರು.

ಸಾಮಾನ್ಯವಾಗಿ ಜನರು ಅನುಸರಿಸುವ ನಿಯಮವು ಸರಳವಾಗಿದೆ: ಹೆಸರಾದ ಪದ್ಯಗಳು ಹೆಚ್ಚಾಗಿರುವ ಸಂಗ್ರಹವೇ ಒಳ್ಳೆಯ ಸಂಗ್ರಹ. ಕೆಲವು ಬಗೆಯ ಸಂಗೀತಕ್ಕೆ ಈ ನಿಯಮವು ಸಲ್ಲುವುದೂ ಉಂಟು. ಅಮೇರಿಕಾದ ಹಳ್ಳಿಗಾಡಿನ ಹಾಡುಗಾರರಲ್ಲಿ ಬಹು ಪ್ರಸಿದ್ಧನಾದ ಹ್ಯಾಂಕ್ ವಿಲಿಯಮ್ಸನು 1953ರ ಜನವರಿ 1ರಂದು, ತನ್ನ 29ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನ ಹಾಡುಗಳು ಗ್ರಾಮೋಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷಕ್ಕೆ ಮುಗಿಯುವಂತೆ ಕಟ್ಟಿದವು. 1978ರಲ್ಲಿ ಅಂಥ 40 ಹಾಡುಗಳನ್ನು ಒಟ್ಟುಗೂಡಿಸಿ ಹೊರಡಿಸಿದಾಗ ಯಾವ ಹಾಡಿಗೂ ಅಂಗಭಂಗವಾಗಲಿಲ್ಲ. ಅವನ ಮರಣಾನಂತರ ಮೂಲಧ್ವನಿಗೆ ಪಿಟೀಲುಗಳ ಮೇಳವನ್ನು ಬೆರಸಿ ಮಾರಿದ ತಟ್ಟೆಗಳೂ ಇರುವುದರಿಂದ, ಆರಿಸುವವನು ಅವನ್ನು ಬಿಟ್ಟು ಬೆರಕೆಯಿಲ್ಲದುದನ್ನು ಕೊಂಡರೆ ತೀರಿತು.

ಯಕ್ಷಗಾನದ ಪದ್ಯವು ಹಾಗೆ ತನ್ನಷ್ಟಕ್ಕೆ ತಾನೇ ನಿಲ್ಲುವ ವಸ್ತುವಲ್ಲ. ಅದರ ಹಿಂದೆ ಒಬ್ಬ ಪಾತ್ರಧಾರಿಯ ಮಾತು ಆಗತಾನೆ ಮುಗಿದಿರುತ್ತದೆ. ಅದರ ಮುಂದೆ ಮತ್ತೊಬ್ಬನ ಕುಣಿತವೂ ಅರ್ಥವೂ ಕಾದಿರುತ್ತವೆ. ಒಂದು ಸಾಲನ್ನು ಭಾಗವತರು ಎರಡು ಸಲ ಹೇಳುವರೋ ನಾಲ್ಕು ಸಲ ಹೇಳುವರೋ ಎಂಬುದು ರಾಗದ ಸೊಗಸಿನಿಂದ ಮಾತ್ರ ನಿಶ್ಚಯವಾಗುವುದಿಲ್ಲ, ವೇಷದ ಹೆಜ್ಜೆಯನ್ನೂ ಮುಖಭಾವವನ್ನೂ ನೋಡಿ ನಿಶ್ಚಯವಾಗುತ್ತದೆ. ಕರ್ಣಪರ್ವದ ಕಥೆಯನ್ನೇ ತೆಗೆದುಕೊಳ್ಳಬಹುದು. ಶಲ್ಯನು ಮುನಿದು ರಥವನ್ನಿಳಿದು ಹೋದ ಮೇಲೆ, ಗಾಲಿಯು ಹುದುಗಿ ಕರ್ಣನು ಒಂಟಿಯಾಗಿ ನಿಲ್ಲುವ ಸಂದರ್ಭದಲ್ಲಿ ಭಾಗವತರು ವಿಳಂಬವಾಗಿ ಎತ್ತುವ ಪದ್ಯವು ಕೇಳುವವರ ಎದೆಯನ್ನು ಹಿಂಡುವುದು, ಅದಕ್ಕೆ ಮೊದಲು ಕರ್ಣಶಲ್ಯರ ವಾಗ್ವಾದವು ಬಿರುಸಾದ ನಡೆಯಲ್ಲಿ ಸಾಗಿಬಂದಿರುವುದರಿಂದ. ಚಂಡೆಯು ಒಮ್ಮೆಲೇ ನಿಂತು ಮದ್ದಳೆಯೊಂದೇ ಉಳಿಯುವ ಆ ಗಳಿಗೆಯನ್ನು ಕೇಳದವನಿಗೆ ಆ ಪದ್ಯವು ಇಂಪಾದ ಒಂದು ಆಲಾಪನೆಯಾಗಿ ತೋರೀತು, ಹೆಚ್ಚೇನಲ್ಲ. ಸಂಗ್ರಹಕಾರರಾದರೋ ವಾಗ್ವಾದದ ಪದ್ಯಗಳನ್ನು ಬಿಟ್ಟು ಈ ಒಂದನ್ನು ಆಯ್ದುಕೊಂಡು, ಅದರ ಪಕ್ಕದಲ್ಲಿ ಇನ್ನಾವುದೋ ಪ್ರಸಂಗದ ಅಂಥದೇ ಕರುಣಪದ್ಯವನ್ನು ಕೂರಿಸುವರು. ಒಂದು ಗಂಟೆಯ ಹೊತ್ತು ಬರಿಯ ಕಣ್ಣೀರನ್ನೇ ಬಡಿಸಿದರೆ ನಾಲಗೆಯು ಜಡ್ಡುಗಟ್ಟದೆ ಇದ್ದೀತೆ?

ಗುಂಡ್ಮಿಯ ಕಾಳಿಂಗ ನಾವಡರ ಸಂಗ್ರಹಗಳಲ್ಲಿ ಈ ದೋಷವು ಎದ್ದು ಕಾಣುವುದು. 1958ರಲ್ಲಿ ಹುಟ್ಟಿ, ಸಾಲಿಗ್ರಾಮ ಮೇಳದಲ್ಲಿ ಕೀರ್ತಿಯ ಶಿಖರದಲ್ಲಿದ್ದಾಗಲೇ 1990ರಲ್ಲಿ ರಸ್ತೆಯ ಅಪಘಾತದಿಂದ ತೀರಿಕೊಂಡ ಅವರು ಈ ಜಿಲ್ಲೆಯವರಲ್ಲದಿದ್ದರೂ ಭಟ್ಕಳದಿಂದ ಕುಮಟೆಯವರೆಗೆ ಅವರ ಕಂಠವನ್ನು ಗುರುತಿಸದ ಕೇಳುಗರು ವಿರಳ. ಅವರು ತೀರಿಕೊಂಡ ಮೇಲೆ ಹುಟ್ಟಿದವರಿಗೂ ಅವರ ಪದ್ಯವು ಬಾಯಿಪಾಠವಾಗಿರುವುದು ಸಂಗ್ರಹಗಳ ಉಪಕಾರವೇ ಸರಿ, ಅದನ್ನು ಮರೆಯಲಾಗದು. ಆದರೆ ಸಂಗ್ರಹಗಳ ನಾವಡರು ಬಹುಮಟ್ಟಿಗೆ ಏರುಶ್ರುತಿಯ ನಾವಡರು, ಹೊಸ ರಾಗಗಳನ್ನು ರಂಗಕ್ಕೆ ತಂದ ನಾವಡರು. ಇಡೀ ರಾತ್ರಿಯ ಆಟವನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದ, ಸಣ್ಣದೊಂದು ದ್ವಿಪದಿಯನ್ನು ಸರಸರನೆ ಹೇಳಿ ಕಥೆಯನ್ನು ಮುಂದಕ್ಕೆ ನೂಕುತ್ತಿದ್ದ ಭಾಗವತರು ಅಲ್ಲಿ ಮರೆಯಾಗುವರು. ಅವರ ವಿಷಯದಲ್ಲಿ ಹತ್ತು ಪ್ರಸಂಗಗಳ ಇಪ್ಪತ್ತು ಪದ್ಯಗಳಿಗಿಂತ ಒಂದೇ ಪ್ರಸಂಗದ ಹತ್ತು ಪದ್ಯಗಳು ಮೇಲು. ಹೆಸರಾದ ಪದ್ಯವು ಅದರಲ್ಲಿ ಒಂದೇ ಇದ್ದರೂ ಚಿಂತೆಯಿಲ್ಲ.

ನೆಬ್ಬೂರು ನಾರಾಯಣ ಭಾಗವತರ ಸಂಗತಿಯು ಇದಕ್ಕಿಂತಲೂ ಸೂಕ್ಷ್ಮವಾದುದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಗುಣವಂತೆಯ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರರು 2019ರಲ್ಲಿ ತೀರಿಕೊಂಡರು. ಅವರ ಹಾಡುಗಾರಿಕೆಯ ಗುಣವು ಅಭಿನಯಕ್ಕೆ ಎಡೆಗೊಡುವುದರಲ್ಲಿದೆ. ಶಂಭು ಹೆಗಡೆಯವರಂಥ ನಟರು ಹರಿಶ್ಚಂದ್ರನಾಗಿಯೋ ಕರ್ಣನಾಗಿಯೋ ನಿಂತಾಗ, ಪದ್ಯದ ಮಾತೊಂದನ್ನು ಸ್ಫುಟವಾಗಿ ನುಡಿದು, ನಟನ ಕಣ್ಣು ಅದನ್ನು ಹೇಳಿ ಮುಗಿಸುವವರೆಗೆ ತಡೆದು ನಿಲ್ಲುವ ಸಂಯಮವು ಅಲ್ಲಿಯದು. ಧ್ವನಿಮುದ್ರಣದ ಕೋಣೆಯಲ್ಲಿ ನಟನಿಲ್ಲದಿರುವಾಗ ಆ ತಡೆಗೆ ಅರ್ಥವೇನು? ಕೇಳುವವನಿಗೆ ಅದು ಬರಿದಾದ ಎಡೆಯಾಗಿ ಕಾಣುವುದು. ಆದುದರಿಂದ ಅವರ ಪದ್ಯಗಳನ್ನು ಕೊಳ್ಳುವವರು ಗೆಜ್ಜೆಯ ಸಪ್ಪಳವು ಕೇಳಿಸುವಂಥ, ರಂಗದಿಂದಲೇ ಹಿಡಿದ ಮುದ್ರಣವನ್ನು ಹುಡುಕತಕ್ಕದ್ದು. ಅದರಲ್ಲಿ ಕೆಮ್ಮು, ಕೂಗುಗಳು ಸೇರಿದ್ದರೂ ಅದೇ ಶುದ್ಧವಾದುದು.

2024ರಲ್ಲಿ ತೀರಿಕೊಂಡ ಸುಬ್ರಹ್ಮಣ್ಯ ಧಾರೇಶ್ವರರ ಪದ್ಯಗಳು ಮಾತ್ರ ಸಂಗ್ರಹಕ್ಕೆ ಹೆಚ್ಚು ಒಗ್ಗುವಂಥವು. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿದ ಅವರ ಗಾಯನದಲ್ಲಿ ರಾಗಭಾವವು ತಾನಾಗಿಯೇ ತುಂಬಿಕೊಂಡಿರುವುದರಿಂದ ಬಿಡಿಪದ್ಯವೂ ಒಂದು ಮಟ್ಟಿಗೆ ಪೂರ್ಣವೆನಿಸುವುದು. ಇದು ಅವರ ಹಿರಿಮೆಯೂ ಹೌದು. ಇಂಪಿಗೆ ಮನಸೋತ ಕೇಳುಗನು ಕಥೆಯನ್ನು ಕೇಳದಿರುವ ಅಪಾಯವೂ ಹೌದು.

ಈ ಚರ್ಚೆಯು ಕೊಳ್ಳುವವರ ರುಚಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯಬಾರದು. ಸಂಗ್ರಹವು ಕೇಳುಗನನ್ನು ತಿದ್ದುವುದು, ಕೇಳುಗನು ರಂಗವನ್ನು ತಿದ್ದುವನು. ವೇಷವಿಲ್ಲದೆ, ಅರ್ಥವಿಲ್ಲದೆ, ಇಬ್ಬರು ಮೂವರು ಭಾಗವತರು ಸಾಲಾಗಿ ಕುಳಿತು ಹೆಸರಾದ ಪದ್ಯಗಳನ್ನಷ್ಟೇ ಹಾಡುವ ಗಾನವೈಭವಗಳು ಈಗ ಊರೂರಲ್ಲಿ ನಡೆಯುತ್ತಿವೆ. ಅಲ್ಲಿ ಕೈಚಪ್ಪಾಳೆ ಬೀಳುವುದು ಉದ್ದವಾದ ಉಸಿರಿಗೆ. ಆ ಚಪ್ಪಾಳೆಯ ರುಚಿ ಹತ್ತಿದ ಎಳೆಯ ಭಾಗವತನು ಆಟದ ನಡುವೆಯೂ ಅದನ್ನೇ ಬಯಸಿ ಆಲಾಪನೆಯನ್ನು ಎಳೆದರೆ, ರಂಗದ ಮಧ್ಯದಲ್ಲಿ ಕಿರೀಟ ಹೊತ್ತು ನಿಂತ ಕೀಚಕನು ಮಾಡಬೇಕಾದುದೇನು? ಕುಣಿತಕ್ಕೆ ತಾಳ ಸಿಕ್ಕುವವರೆಗೆ ಸುಮ್ಮನೆ ನಿಂತಿರಬೇಕಾಗುವುದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡ ಹೊನ್ನಾವರದ ಪ್ರೇಕ್ಷಕರಿಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಂಗ್ರಹವನ್ನು ಕೈಗೆತ್ತಿಕೊಂಡಾಗ ಹೊದಿಕೆಯ ಮೇಲಣ ಭಾವಚಿತ್ರವನ್ನು ನೋಡುವುದಕ್ಕೆ ಮೊದಲು ಮದ್ದಳೆ ಚಂಡೆಯವರ ಹೆಸರುಗಳಿವೆಯೇ ಎಂದು ನೋಡಬೇಕು. ಹಿಮ್ಮೇಳದವರನ್ನು ಹೆಸರಿಸದ ಸಂಗ್ರಹಕಾರನು ಪದ್ಯದ ಅರ್ಧವನ್ನು ಆಗಲೇ ಮರೆತಿರುವನು. ಮದ್ದಳೆಯ ಮುಕ್ತಾಯವು ಬೀಳುವುದಕ್ಕೆ ಮುಂಚೆಯೇ ಧ್ವನಿಯನ್ನು ಇಳಿಸಿಬಿಡುವ ಸಂಗ್ರಹವನ್ನು ಧಾರಾಳವಾಗಿ ಹಿಂದಿರುಗಿಸಬಹುದು. ಎಲ್ಲ ಪದ್ಯಗಳೂ ಒಂದೇ ತಾಳದಲ್ಲಿ ತೂಗುತ್ತಿದ್ದರೆ ಅದೂ ಬೇಡ. ಅಷ್ಟ, ಏಕ, ಝಂಪೆ, ತ್ರಿವುಡೆಗಳು ಬೆರೆತು, ನಡುವೆ ಒಂದೆರಡು ಭಾಮಿನಿಗಳೂ ಬಂದರೆ ಆಟದ ನೆರಳಾದರೂ ಅದರಲ್ಲಿ ಇದೆಯೆನ್ನಬಹುದು.

ಎಲ್ಲಕ್ಕಿಂತ ಬೆಲೆಯುಳ್ಳ ಸಂಗ್ರಹಗಳು ಅಂಗಡಿಯಲ್ಲಿಲ್ಲ. ಹಿಂದೆ ಆಟದ ರಾತ್ರಿ ಚೌಕಿಯ ಬಳಿಯಲ್ಲೋ ರಂಗದ ಮುಂದೆಯೋ ಯಂತ್ರವನ್ನಿಟ್ಟು ಹಿಡಿದ ಸುರುಳಿಗಳು ಈ ಮೂರು ತಾಲೂಕುಗಳ ಮನೆಗಳ ಅಟ್ಟದಲ್ಲಿ ಇನ್ನೂ ಇವೆ. ಮಳೆಗಾಲದ ತೇವಕ್ಕೆ ಬೂಸರು ಹಿಡಿಯುತ್ತಿವೆ. ಅವನ್ನು ಪ್ರತಿಮಾಡಿಸುವವರು ಪದ್ಯಗಳನ್ನಷ್ಟೇ ಕತ್ತರಿಸಿ ತೆಗೆದು ಅರ್ಥವನ್ನು ಎಸೆಯಬಾರದು. ಪ್ರಸಂಗದ ಹೆಸರು, ಆಟವಾದ ಊರು, ವರ್ಷ, ಹಿಮ್ಮೇಳ ಮುಮ್ಮೇಳದವರ ಹೆಸರುಗಳನ್ನು ಪ್ರತಿಯೊಡನೆ ಬರೆದಿಡತಕ್ಕದ್ದು; ಆ ರಾತ್ರಿ ಅಲ್ಲಿ ಕುಳಿತಿದ್ದ ಹಿರಿಯರು ಮನೆಯಲ್ಲಿರುವಾಗಲೇ ಅವರನ್ನು ಕೇಳಿ ಬರೆದಿಡತಕ್ಕದ್ದು.