ಸೋತವರಿಗೆ ಇನ್ನೊಂದು ಆಟ

ಶಾಲಾ ಕ್ರೀಡಾಕೂಟಗಳು ಶುರುವಾದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಪಿ.ಟಿ. ಮೇಷ್ಟ್ರುಗಳಿಗೆ ಕೂರಲು ಪುರುಸೊತ್ತಿರುವುದಿಲ್ಲ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಚಾಮರಾಜನಗರಕ್ಕೆ, ಮುಂದೆ ವಿಭಾಗಕ್ಕೆ, ರಾಜ್ಯಕ್ಕೆ. ಈ ಏಣಿ ದೊಡ್ಡ ಕೊಡುಗೆಯೇ. ಇದಿಲ್ಲದಿದ್ದರೆ ಮಿಣ್ಯದ ಹುಡುಗಿಯೊಬ್ಬಳ ಓಟ ಜಿಲ್ಲೆಯ ಕಣ್ಣಿಗೆ ಬೀಳುವ ದಾರಿಯೇ ಇರುತ್ತಿರಲಿಲ್ಲ. ನನ್ನ ತಕರಾರಿರುವುದು ಅದರ ಮೊದಲ ಮೆಟ್ಟಿಲಿನ ಬಗ್ಗೆ.

ಗುಂಪು ಆಟಗಳನ್ನು ನಾಕೌಟ್ ಮಾಡಿಬಿಡುವುದು ರೂಢಿ. ಖೋ-ಖೋಗೆ 16 ಶಾಲೆಗಳು ಬಂದರೆ 15 ಪಂದ್ಯಗಳಲ್ಲಿ ಎಲ್ಲ ಮುಗಿಯುತ್ತದೆ. ಎಂಟು ಶಾಲೆಗಳ ಮಕ್ಕಳು ಒಂದೇ ಪಂದ್ಯ ಆಡಿ ಬಸ್ಸು ಹತ್ತುತ್ತಾರೆ. ಆ ಒಂದು ಪಂದ್ಯವಾದರೂ ಎಲ್ಲರಿಗೂ ಸಿಕ್ಕೀತೇ? ಅಂಕಣದಲ್ಲಿ ಒಂಬತ್ತು ಮಂದಿ, ತಪ್ಪಿಸಿಕೊಂಡು ಓಡಲು ಒಮ್ಮೆಗೆ ಮೂವರು. ಮೊದಲ ಮೂವರು ಚೆನ್ನಾಗಿ ಓಡಿದರೆ ಹಿಂದಿನವರಿಗೆ ಸರದಿಯೇ ಬಾರದು. ಹೊತ್ತಾಯಿತೆಂದು ಆಟದ ಅವಧಿಯನ್ನೂ ಮೊಟಕು ಮಾಡಿದರೆ ತಿಂಗಳುಗಟ್ಟಲೆ ಕಲಿತ ಡೈವ್, ಕಂಬದ ತಿರುವು ಯಾರಿಗೂ ಕಾಣದೆ ಹೋಗುತ್ತವೆ.

ಹೂಗ್ಯಂ, ಮಾರ್ಟಳ್ಳಿ, ಮಹದೇಶ್ವರ ಬೆಟ್ಟದ ಕಡೆಯ ಶಾಲೆಗಳಿಗಂತೂ ಇದು ತೀರಾ ಅನ್ಯಾಯ. ಹನೂರಿನಿಂದ ಬೆಟ್ಟಕ್ಕೆ 50 ಕಿ.ಮೀ. ಮೀರಿದ ದಾರಿ. ಮೊದಲ ಬಸ್ಸಿಗೇ ಹೊರಟು, ವೇದಿಕೆಯ ಭಾಷಣಗಳು ಮುಗಿಯುವವರೆಗೆ ಬಿಸಿಲಲ್ಲಿ ಸಾಲಾಗಿ ನಿಂತು, ಅರ್ಧ ಗಂಟೆ ಆಡಿ ವಾಪಸ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಕ್ಕಳ ಬಗ್ಗೆ ಇನ್ನೊಂದು ಮಾತಿದೆ: ಕಾಡಿನವರು, ಓಡುವುದನ್ನು ಹೇಳಿಕೊಡಬೇಕೇ ಎಂದು. ಹೊಗಳಿಕೆಯಂತೆ ಕೇಳುವ ಈ ಮಾತು ಆ ಮಕ್ಕಳಿಗೆ ಸಲ್ಲಬೇಕಾದ ತರಬೇತಿಯನ್ನೇ ತಪ್ಪಿಸುತ್ತದೆ.

ಶ್ರೀಲಂಕಾದ ಶಾಲಾ ರಗ್ಬಿಯನ್ನು ನೋಡಿ. ಕೊಲಂಬೊದ ರಾಯಲ್ ಕಾಲೇಜು, ಕ್ಯಾಂಡಿಯ ಟ್ರಿನಿಟಿ ಕಾಲೇಜು 1945ರಿಂದ ಬ್ರ್ಯಾಡ್ಬಿ ಶೀಲ್ಡ್‌ಗಾಗಿ ಸೆಣಸುತ್ತಿವೆ. ಒಂದು ಪಂದ್ಯ ಇವರೂರಲ್ಲಿ, ಇನ್ನೊಂದು ಅವರೂರಲ್ಲಿ; ಎರಡರ ಅಂಕ ಕೂಡಿಸಿ ಶೀಲ್ಡ್. ಅವು ಹಣವುಳ್ಳ ಶಾಲೆಗಳು, ಅಲ್ಲಿನ ವೈಭವ ನಮಗೆ ಬೇಡ. ಮೊದಲ ಪಂದ್ಯದಲ್ಲಿ ಎಡವಿದ ಹುಡುಗ ಎರಡನೆಯದರಲ್ಲಿ ತಿದ್ದಿಕೊಳ್ಳಬಹುದೆಂಬ ಆ ಏರ್ಪಾಡು ಮಾತ್ರ ಬೇಕು.

ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳ ಸೋತದ್ದು 78-40ರಿಂದ. ಇಂಥ ಊರಿನ ಆಟಗಾರ್ತಿ ಅಲ್ಲಿಗೆ ತಲುಪಿದ್ದನ್ನು ಕಂಡ ಮೇಲೂ ನಮ್ಮ ಮಕ್ಕಳಿಗೆ ವರ್ಷಕ್ಕೊಂದು ಪಂದ್ಯ ಸಾಕೆನ್ನಲು ನನಗೆ ಮನಸ್ಸು ಬಾರದು.

ಆ 16 ತಂಡಗಳನ್ನೇ ನಾಲ್ಕು ಗುಂಪು ಮಾಡಿ ಲೀಗ್ ಆಡಿಸಿದರೆ 24 ಪಂದ್ಯ, ಸೆಮಿಫೈನಲ್ ಮತ್ತು ಫೈನಲ್ ಸೇರಿ 27. ಕೊನೆಯ ಸ್ಥಾನದ ತಂಡಕ್ಕೂ ಮೂರು ಆಟ ಖಾತ್ರಿ. ಹೆಚ್ಚುವ 12 ಪಂದ್ಯಗಳಿಗೆ ಇನ್ನೊಂದು ದಿನ ಬೇಕಾದೀತು, ಅಂಪೈರುಗಳು ಬೇಕು, ಮಕ್ಕಳಿಗೆ ಊಟ ಬೇಕು. ಹನೂರು ತಾಲ್ಲೂಕಿನಲ್ಲಿ ಗುಂಪು ಪಂದ್ಯಗಳನ್ನು ರಾಮಾಪುರ, ಲೊಕ್ಕನಹಳ್ಳಿಗಳಲ್ಲೇ ಮುಗಿಸಿದರೆ ಓಡಾಟ ಉಳಿಯುತ್ತದೆ. ಶಾಮಿಯಾನ, ಹಾರ, ಸ್ಮರಣಿಕೆಗಳಿಗೆ ಕೂಡಿಸುವ ದುಡ್ಡಿನಲ್ಲಿ ಒಂದು ಪಾಲನ್ನು ಆ ದಿನದ ಊಟಕ್ಕೂ ಬಸ್ಸಿಗೂ ಮೊದಲೇ ತೆಗೆದಿಡಲಿ.