ಚಿಲ್ಲರೆ ಉಳಿತಾಯದ ಚಿಲ್ಲರೆ ಲೆಕ್ಕ

ತರಕಾರಿಗೆ 47 ರೂಪಾಯಿ ಸ್ಕ್ಯಾನ್ ಮಾಡಿದರೆ ಆ್ಯಪ್ ಅದನ್ನು 50 ಎಂದು ಎಣಿಸಿ, ಮೇಲಿನ 3 ರೂಪಾಯಿಯನ್ನು ಖಾತೆಯಿಂದ ಎಳೆದು ಡಿಜಿಟಲ್ ಚಿನ್ನಕ್ಕೆ ಹಾಕುತ್ತದೆ. ಗೊತ್ತೇ ಆಗದಂತೆ ದುಡ್ಡು ಉಳಿಸುವ ಈ ‘ರೌಂಡ್-ಅಪ್’ ಉಪಾಯಕ್ಕೆ ಸಿಗುತ್ತಿರುವ ಹೊಗಳಿಕೆ ಅತಿಯಾಯಿತು. ಉಪಾಯವೇನೂ ಹೊಸದಲ್ಲ. ಬ್ಯಾಂಕ್ ಆಫ್ ಅಮೆರಿಕ 2005ರಲ್ಲೇ ಡೆಬಿಟ್ ಕಾರ್ಡಿನ ಮೇಲೆ ಇದನ್ನು ಮಾಡಿತ್ತು. 2020ರಲ್ಲಿ ಯುಪಿಐ ಆಟೋಪೇ ಬಂದ ಮೇಲೆ ಇಲ್ಲಿಯೂ ಸಲೀಸಾಯಿತು.

ಆ 3 ರೂಪಾಯಿಯನ್ನೇ ಸ್ವಲ್ಪ ಹಿಂಜಿ ನೋಡಬೇಕು. ಹತ್ತಕ್ಕೆ ಏರಿಸುವ ನಿಯಮದಲ್ಲಿ 20 ರೂಪಾಯಿಯ ಚಹಾ ಕುಡಿದವನು ಉಳಿಸುವುದು ಸೊನ್ನೆ; 21 ರೂಪಾಯಿಯ ಬಿಸ್ಕತ್ತು ಕೊಂಡವನು ಉಳಿಸುವುದು 9. ಬಿಸ್ಕತ್ತೇ ಬೇಡವೆಂದು ಅಂಗಡಿ ದಾಟಿ ಹೋದವನ ಜೇಬಿನಲ್ಲಿ 21 ರೂಪಾಯಿ ಹಾಗೇ ಇದೆ, ಆದರೆ ಆ್ಯಪಿನ ಲೆಕ್ಕದಲ್ಲಿ ಅವನ ಉಳಿತಾಯವೂ ಸೊನ್ನೆ! ಕೈ ಬಿಗಿ ಹಿಡಿದ ದಿನ ಉಳಿತಾಯವಿಲ್ಲ, ಕೈ ಸಡಿಲಬಿಟ್ಟ ದಿನ ಶಭಾಷ್‌ಗಿರಿ. ಬೆಲೆಯ ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಸಮನಾಗಿ ಬರುತ್ತದೆ ಎಂದುಕೊಂಡರೂ ಸರಾಸರಿ ಸಿಗುವುದು ನಾಲ್ಕೂವರೆ ರೂಪಾಯಿ. ದಿನಕ್ಕೆ ಐದು ಪಾವತಿಯಾದರೆ ತಿಂಗಳಿಗೆ 675.

ಅದರಲ್ಲೂ ಸೋರಿಕೆಯಿದೆ. ಚಿನ್ನದ ಖರೀದಿಗೆ ಶೇಕಡಾ 3 ಜಿಎಸ್‌ಟಿ. 100 ರೂಪಾಯಿ ಹಾಕಿದವನಿಗೆ ಸಿಗುವುದು ಸುಮಾರು 97 ರೂಪಾಯಿಯ ಚಿನ್ನ. ಮಾರುವಾಗಿನ ದರ ಕೊಳ್ಳುವ ದರಕ್ಕಿಂತ ಕಡಿಮೆ, ಅದು ಬೇರೆ. ಈಚೆಗೆ ಚಿನ್ನ ಏರಿದ್ದರಿಂದ ಈ ನಷ್ಟ ಮುಚ್ಚಿಹೋಯಿತು, ನಿಜ. ಅದು ಚಿನ್ನದ ಗುಣ; ಅಭ್ಯಾಸ ಕಲಿಸಿದ ಕೀರ್ತಿಯನ್ನು ಆ್ಯಪಿಗೆ ಕೊಡುವುದು ಮಳೆ ಬಂದದ್ದಕ್ಕೆ ಕೊಡೆಯನ್ನು ಹೊಗಳಿದ ಹಾಗೆ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರಿನಲ್ಲಿ ಎಚ್ಚರಿಸಿತು. ಬ್ಯಾಂಕಿನ ಠೇವಣಿಗಾದರೆ 5 ಲಕ್ಷದವರೆಗೆ ವಿಮೆಯಿದೆ.

ರೌಂಡ್-ಅಪ್ ಅನ್ನು ಸಮರ್ಥಿಸುವ ಅಂಕಣಕಾರರು ತಪ್ಪದೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಹೆಸರೆತ್ತುತ್ತಾರೆ. ಎತ್ತಲಿ, ಆದರೆ ಓದಿ ಎತ್ತಲಿ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇಕಡಾ 3.5ರಿಂದ 13.6ಕ್ಕೆ ಏರಿತು. ಹೇಗೆ? ಸಂಬಳ ಹೆಚ್ಚಿದಾಗಲೆಲ್ಲ ಉಳಿತಾಯದ ಪಾಲೂ ಹೆಚ್ಚುವಂತೆ ಮೊದಲೇ ಒಪ್ಪಿಸಿದ್ದರಿಂದ. ಅಲ್ಲಿ ಗಂಟು ಬಿದ್ದದ್ದು ಆದಾಯಕ್ಕೆ, ಬಿಸ್ಕತ್ತಿಗಲ್ಲ. ‘ಹನಿಗೂಡಿದರೆ ಹಳ್ಳ’ ಎನ್ನುವವರು ಗಾದೆಯ ಉಳಿದರ್ಧ ‘ತೆನೆಗೂಡಿದರೆ ಬಳ್ಳ’ವನ್ನೂ ನೆನೆಯಬಹುದು. ತೆನೆ ಬರುವುದು ಬೆಳೆಯಿಂದ.

ಇನ್ನೊಂದು ಗುಂಪು ಫೋನನ್ನೇ ಶಪಿಸಿ ಮಣ್ಣಿನ ಹುಂಡಿಗೆ ಮರಳೋಣ ಎನ್ನುತ್ತದೆ. ಅವರ ಹಂಬಲವೂ ದಾರಿ ತಪ್ಪಿದ್ದೇ. ನೆನೆಯಬೇಕಾದದ್ದು ಹುಂಡಿಯನ್ನಲ್ಲ, ದಿನದಿನವೂ ಕಟ್ಟುವ ಪಿಗ್ಮಿ ಠೇವಣಿಯನ್ನು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲಿ ಇದನ್ನು ಶುರುಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಬಡ್ಡಿ ಯಾವತ್ತೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಗಲ್ಲಾಕ್ಕೆ ಬಿದ್ದ ದುಡ್ಡಿನಿಂದಲೇ, ಅದು ಖರ್ಚಾಗುವ ಮುಂಚೆ, ಪಾಲು ಹೋಗುತ್ತಿತ್ತು. ಅಂಗಡಿಯ ಬಾಗಿಲಿಗೆ ಬಂದು ನಿಂತ ಪಿಗ್ಮಿ ಕಲೆಕ್ಟರಿಗೆ ‘ನಾಳೆ ಬನ್ನಿ’ ಎನ್ನಲು ವ್ಯಾಪಾರಿಗೆ ನಾಚಿಕೆ. ಗೊತ್ತೇ ಆಗದಂತೆ ಉಳಿಸುವುದಕ್ಕೆ ಇದು ತದ್ವಿರುದ್ಧ: ದಿನವೂ ಗೊತ್ತಾಗುವಂತೆ, ಕೈಯಾರೆ ಕೊಟ್ಟು ಉಳಿಸುವುದು.

ಎಂದೂ ಏನೂ ಉಳಿಸದ ಹುಡುಗನಿಗೆ ರೌಂಡ್-ಅಪ್ ಮೊದಲ ಸಾವಿರ ರೂಪಾಯಿ ತೋರಿಸಬಹುದು, ಅಷ್ಟನ್ನು ಒಪ್ಪೋಣ. ಆದರೆ ಸಂಬಳ ಬಂದ ಮರುದಿನವೇ 2,000 ರೂಪಾಯಿ ತಾನಾಗಿ ಕತ್ತರಿಸಿಕೊಳ್ಳುವ ಆವರ್ತ ಠೇವಣಿ, ಅಂದರೆ ಆರ್‌.ಡಿ. ಅದೇ ಫೋನಿನಲ್ಲಿದೆ. ಇದ್ದೂ ಕಾಣುವುದಿಲ್ಲ. ಎಷ್ಟೋ ಬ್ಯಾಂಕುಗಳ ಆ್ಯಪ್ ತೆರೆದೊಡನೆ ಕಣ್ಣಿಗೆ ರಾಚುವುದು ‘ಎರಡೇ ನಿಮಿಷದಲ್ಲಿ ಸಾಲ’ ಎಂಬ ಫಲಕ, ಆರ್‌.ಡಿ. ಹುಡುಕಲು ಮೂರು ಮೆನು ದಾಟಬೇಕು.